ಮಾಯೆಯ ತಂದೆಯ ಹೆಸರೇನು?



ರಾಯಚೂರು ಜಿಲ್ಲೆಯ ದೇವದುರ್ಗ ತಾಲೂಕಿನಲ್ಲಿ ಕೃಷ್ಣಾ ನದಿಯ ದಂಡೆಗೆ ಗೂಗಲ್ ಎಂಬ ಊರಿದೆ. ಈಗಿನ ಹುಡುಗರ ಮುಂದೆ ಆ ಹೆಸರು ಹೇಳಿದರೆ ಕೈ ಜೇಬಿನ ಮೊಬೈಲಿಗೆ ಹೋಗುತ್ತದೆ. ಅದು ಅವರ ತಪ್ಪಲ್ಲ. 1998ರಲ್ಲಿ ಹುಟ್ಟಿದ ಅಮೆರಿಕದ ಕಂಪನಿಯೊಂದು ಇಪ್ಪತ್ತು ವರ್ಷ ತುಂಬುವುದರೊಳಗೆ ನಮ್ಮ ಹಳ್ಳಿಹಳ್ಳಿಯ ಬಾಯಲ್ಲೂ ಕೂತುಬಿಟ್ಟಿತು. ಆದರೆ ನಮ್ಮ ಎಡೆದೊರೆ ನಾಡಿನ ಹಿರಿಯರಿಗೆ ಗೂಗಲ್ ಎಂದರೆ ಅಲ್ಲಮಪ್ರಭುದೇವರ ಗುಡಿ, ಅಲ್ಲಿಯ ಗವಿ, ಕೆಳಗೆ ಹರಿಯುವ ಕೃಷ್ಣೆ. ಪ್ರಭುದೇವರು ಶ್ರೀಶೈಲದ ಕಡೆ ಸಾಗುವಾಗ ಇಲ್ಲಿಯ ಗವಿಯಲ್ಲಿ ಕೆಲಕಾಲ ಧ್ಯಾನಸ್ಥರಾಗಿದ್ದರೆಂದು ತಲೆತಲಾಂತರದಿಂದ ಹೇಳುತ್ತ ಬಂದಿದ್ದಾರೆ. ಗುಹೆಯ ಕಲ್ಲು ಎಂಬುದೇ ಜನರ ಬಾಯಲ್ಲಿ ಸವೆದು ಗೂಗಲ್ಲು ಆಯಿತೆಂದೂ ಹೇಳುವವರುಂಟು. ಗೂಗಲ್ಲನ್ನು ದಾಟಿದ ಕೃಷ್ಣೆಯೇ ಮುಂದೆ ಮೂಡಣಕ್ಕೆ ಹರಿದು ಶ್ರೀಶೈಲದ ಬುಡವನ್ನು ಮುಟ್ಟುತ್ತಾಳೆ. ಆದ್ದರಿಂದ ನದಿಯ ದಾರಿಯನ್ನೇ ಹಿಡಿದು ನಡೆದ ಜಂಗಮನೊಬ್ಬನು ಈ ದಂಡೆಯಲ್ಲಿ ಕೂತಿದ್ದನೆಂಬ ಮಾತು ನಮ್ಮ ಜನರ ಮನಸ್ಸಿಗೆ ಸಹಜವಾಗಿ ಒಗ್ಗಿದೆ.

ಗವಿಗೆ ಬಂದ ಭಕ್ತರು ಕಾಯಿ ಒಡೆಯುತ್ತಾರೆ, ಊದಿನಕಡ್ಡಿ ಹಚ್ಚುತ್ತಾರೆ, ಬಗ್ಗಿ ಒಳಗೆ ನೋಡಿ ಹಣೆ ಹಚ್ಚುತ್ತಾರೆ. ಅದು ಭಕ್ತಿ, ಅದಕ್ಕೆ ನಾವು ಕೊಂಕು ನುಡಿಯುವುದಿಲ್ಲ. ಆದರೆ ಪ್ರಭುದೇವರ ವಚನಗಳ ಅಂಕಿತವೇ ಗುಹೇಶ್ವರ. ಹಳೆಯ ಓಲೆಗಳಲ್ಲಿ ಗೊಹೇಶ್ವರ ಎಂಬ ರೂಪವೂ ಉಂಟು. ಗುಹೆಯ ಒಡೆಯನೆಂದು ಕರೆದರಲ್ಲ, ಅದು ಯಾವ ಗುಹೆ? ಇಲ್ಲಿ ಜನ ಎರಡು ಪಂಗಡವಾಗುತ್ತಾರೆ. ಒಂದು ಪಂಗಡಕ್ಕೆ ಗುಹೆಯೆಂದರೆ ಈ ಕಲ್ಲಿನ ಗವಿ, ನೋಡಿ ಬಂದರೆ ಮುಗಿಯಿತು. ಇನ್ನೊಂದು ಪಂಗಡ ನಾಲ್ಕಕ್ಷರ ಓದಿದವರದು. ಗುಹೆಯೆಂದರೆ ಹೃದಯವೇ, ಗವಿಗೆ ಏಕೆ ಹೋಗಬೇಕು ಎನ್ನುತ್ತಾರೆ. ಸಂಕೇತವನ್ನು ಓದುವಲ್ಲಿ ಇಬ್ಬರೂ ಅರ್ಧ ದಾರಿಗೇ ನಿಂತವರು. ಈ ಮಾತು ನಮಗೆ ಹೊಳೆದದ್ದು ಗ್ರಂಥದಿಂದಲ್ಲ, ಒಬ್ಬ ಅಜ್ಜಿಯಿಂದ. ಅದನ್ನು ಮುಚ್ಚಿಡದೆ ಹೇಳುತ್ತೇವೆ.

ಕೆಲವು ವರ್ಷಗಳ ಹಿಂದೆ ಶ್ರಾವಣ ಮಾಸದಲ್ಲಿ ಹೊಳೆದಂಡೆಯ ಹಳ್ಳಿಯೊಂದರಲ್ಲಿ ಪ್ರಭುಲಿಂಗಲೀಲೆಯ ಪುರಾಣ ನಡೆದಿತ್ತು. ಗವಾಯಿಗಳು ಪದ್ಯ ಹಾಡುವುದು, ನಾವು ಅರ್ಥ ಹೇಳುವುದು. ಮಾಯೆಯ ಪ್ರಸಂಗ ಬಂದ ದಿನ ಮಂದಿ ತುಂಬಿತ್ತು. ಮಾಯೆಯ ರೂಪು, ಅವಳ ಒನಪು, ಗಂಡಸರನ್ನು ಕೆಡಿಸುವ ಅವಳ ಕಣ್ಣು ಎಂದೆಲ್ಲ ನಾವು ಬಣ್ಣಿಸುತ್ತ ಹೋದೆವು. ನಡುವೆ ಹೆಂಗಸರ ಮೇಲೆ ಒಂದೆರಡು ಚಟಾಕಿಯನ್ನೂ ಹಾರಿಸಿದೆವು. ಗಂಡಸರ ಸಾಲು ಗೊಳ್ಳೆಂದು ನಕ್ಕಿತು. ಸಭೆ ನಕ್ಕರೆ ಹೇಳುವವನಿಗೂ ಹುಮ್ಮಸ್ಸು, ಇನ್ನೊಂದು ಸೇರಿಸಿದೆವು. ಪುರಾಣ ಮುಗಿದು ಮಂಗಳಾರತಿ ಆದ ಮೇಲೆ ಎಂಬತ್ತರ ಹತ್ತಿರದ ಅಜ್ಜಿಯೊಬ್ಬಳು ಕಟ್ಟೆಯ ಹತ್ತಿರ ಬಂದು ಕೈಮುಗಿದು ನಿಂತಳು.

'ಯಪ್ಪಾ, ಒಂದ್ ಮಾತ್ ಕೇಳ್ತೀನ್ರಿ, ಸಿಟ್ಟಾಗಬ್ಯಾಡ್ರಿ' ಎಂದಳು.

'ಕೇಳವಾ.'

'ಮಾಯಿ ಅಂದ್ರ ಹೆಣ್ಣು ಅಂತ ಹೇಳಿದ್ರಿ. ನನ್ ಗಂಡ ಸೆರಿ ಕುಡದು ನಾಕ್ ಎಕರೆ ಹೊಲಾ ಕಳದ. ಸತ್ತೂ ಹೋದ. ನಾ ಮಂದಿ ಹೊಲ್ದಾಗ ಹತ್ತಿ ಬಿಡಿಸಿ ಮೂರ್ ಮಕ್ಕಳ್ನ ಸಾಕೀನಿ. ಇಬ್ರೊಳಗ ಮಾಯಿ ಯಾರ್ರಿ, ನಾನಾ?'

ನಮ್ಮ ಬಾಯಿ ಕಟ್ಟಿತು. ಆಮೇಲೆ ಹೇಳುತ್ತೇನವಾ ಎಂದು ಜಾರಿಕೊಂಡೆವು. ಅವಳು ಮತ್ತೆ ಕೈಮುಗಿದು ಕತ್ತಲಲ್ಲಿ ಹೊರಟುಹೋದಳು. ಆ ರಾತ್ರಿ ನಿದ್ದೆ ಬರಲಿಲ್ಲ. ಹೊತ್ತಗೆ ಬಿಚ್ಚಿ ಮೊದಲಿನಿಂದ ಓದಲು ಕುಳಿತೆವು.

ಪ್ರಭುಲಿಂಗಲೀಲೆ ಚಾಮರಸನ ಕಾವ್ಯ. ಚಾಮರಸನು ವಿಜಯನಗರದ ಪ್ರೌಢದೇವರಾಯನ ಕಾಲದವನು, ಸುಮಾರು 1430ರವನು. ಭಾಮಿನಿ ಷಟ್ಪದಿಯ ಈ 25 ಗತಿಗಳ ಕಾವ್ಯವು ತಮಿಳು, ತೆಲುಗು, ಮರಾಠಿಗಳಿಗೂ ಹೋಯಿತು. ಪುರಾಣದ ಕಟ್ಟೆಯ ಮೇಲೆ ಇದನ್ನು ನಾವು ಅದೆಷ್ಟು ಸಲ ಬಿಚ್ಚಿದ್ದೇವೋ. ಆದರೆ ಕಥೆಯ ಬಾಗಿಲಲ್ಲೇ ಕವಿ ಇಟ್ಟ ಕೀಲಿಕೈಯನ್ನು ಅಷ್ಟು ಸಲವೂ ತುಳಿದುಕೊಂಡೇ ಒಳಗೆ ಹೋಗಿದ್ದೆವು.

ಅಲ್ಲಮನ ತಂದೆ ನಿರಹಂಕಾರ, ತಾಯಿ ಸುಜ್ಞಾನಿ. ಮಾಯೆ ಬನವಾಸಿಯ ಅರಸನ ಮಗಳು. ಅವಳ ತಂದೆ ಮಮಕಾರ, ತಾಯಿ ಮೋಹಿನಿ. ಇವು ಊರ ಜನ ಮಕ್ಕಳಿಗೆ ಇಡುವ ಹೆಸರುಗಳಲ್ಲ. ಇದನ್ನು ಬರಿಯ ಹೆಣ್ಣುಗಂಡಿನ ಕಥೆಯೆಂದು ಓದಬೇಡಿರೆಂದು ಕವಿ ಎದ್ದು ನಿಂತು ಹೇಳಿದಂತೆ ಇವೆ. ಮಾಯೆ ಹೆಣ್ಣಿನ ಹೊಟ್ಟೆಯಲ್ಲಿ ಹುಟ್ಟಿದಳೆಂಬುದನ್ನಷ್ಟೇ ನಾವು ಹಿಡಿದುಕೊಂಡೆವು, ಅವಳ ಅಪ್ಪನ ಹೆಸರನ್ನು ಕೇಳಲಿಲ್ಲ. 'ನನ್ನದು' ಎಂಬುದೇ ಆ ಅಪ್ಪ. ನನ್ನ ಹೊಲ, ನನ್ನ ಕುದುರೆ, ನನ್ನ ಮನೆತನ, ನನ್ನ ಮಠ ಎನ್ನುವವನ ಮನೆಯಲ್ಲಿ ಮಾಯೆ ಮಗಳಾಗಿ ಹುಟ್ಟುತ್ತಾಳೆ. ಆ ಮನೆಯ ಯಜಮಾನ ಗಂಡಸೇ, ಗಮನಿಸಿರಿ!

ಇನ್ನೂ ದೊಡ್ಡ ಮಾತೊಂದು ಅದೇ ಕಾವ್ಯದಲ್ಲಿದೆ. ಕೈಲಾಸದಲ್ಲಿ ಶಿವಪಾರ್ವತಿಯರಿಗೆ ಪಂಥ ಬೀಳುತ್ತದೆ. ಅಲ್ಲಮನು ಯಾವ ಮಾಯೆಗೂ ಸಿಕ್ಕುವವನಲ್ಲವೆಂದು ಶಿವ, ಸಿಕ್ಕಿಸಿ ತೋರಿಸುತ್ತೇನೆಂದು ದೇವಿ. ದೇವಿ ತನ್ನ ತಾಮಸ ಕಳೆಯನ್ನು ಭೂಮಿಗೆ ಕಳಿಸುತ್ತಾಳೆ, ಅದೇ ಮಾಯೆ. ಮಾಯೆ ಸೋಲುತ್ತಾಳೆ. ಆಗ ಅದೇ ದೇವಿ ತನ್ನ ಸಾತ್ತ್ವಿಕ ಕಳೆಯನ್ನು ಕಳಿಸುತ್ತಾಳೆ. ಅದು ಯಾರು ಬಲ್ಲಿರಾ? ಉಡುತಡಿಯ ಅಕ್ಕಮಹಾದೇವಿ! ಮಾಯೆಯೂ ಮಹಾದೇವಿಯೂ ಒಬ್ಬಳೇ ತಾಯಿಯ ಎರಡು ಕಳೆಗಳು. ಇಬ್ಬರೂ ಹೆಣ್ಣುರೂಪವೇ. ಹೆಣ್ಣಾಗಿರುವುದೇ ಮಾಯೆಯಾಗಿದ್ದರೆ ಚಾಮರಸನು ಅಕ್ಕನನ್ನು ಎಲ್ಲಿ ಇಡುತ್ತಿದ್ದ? ಅವನು ತೋರಿಸುವ ಅಂತರ ತಮಸ್ಸಿಗೂ ಸತ್ತ್ವಕ್ಕೂ ಇರುವ ಅಂತರ. ಅದನ್ನು ನಾವು ಸೀರೆಗೂ ಧೋತರಕ್ಕೂ ಇರುವ ಅಂತರವೆಂದು ಅರ್ಥ ಹೇಳಿಬಿಟ್ಟಿದ್ದೆವು.

ಪ್ರಭುದೇವರ ಸ್ವಂತ ವಚನಕ್ಕೆ ಹೋದರೂ ಅದೇ ತೀರ್ಮಾನ. ಚಿನ್ನವನ್ನೂ ಹೆಣ್ಣನ್ನೂ ನೆಲವನ್ನೂ ಮಾಯೆಯೆಂದು ಲೋಕ ಆಡಿಕೊಳ್ಳುವುದನ್ನು ಅವರು ಅಲ್ಲವೆಂದು ತಳ್ಳಿಹಾಕಿ, ಮನದ ಮುಂದೆ ಬಂದು ನಿಲ್ಲುವ ಆಸೆಯನ್ನೇ ಮಾಯೆಯೆಂದರು. ಎಂಟುನೂರು ವರ್ಷಕ್ಕೂ ಹಿಂದೆ ಆಡಿದ ಮಾತು ಇಷ್ಟು ಸ್ಪಷ್ಟವಿರುವಾಗ ನಾವು ಕಟ್ಟೆಯ ಮೇಲೆ ಕೂತು ಅದಕ್ಕೆ ತಿರುಗುಮುರುಗಾಗಿ ಅರ್ಥ ಹೇಳುತ್ತೇವೆಂದರೆ ಯಾರಿಗೆ ಅವಮಾನ? ಎದುರಿಗೆ ಕೂತ ತಾಯಂದಿರಿಗೆ ಮಾತ್ರವಲ್ಲ, ಪ್ರಭುದೇವರಿಗೂ ಅವಮಾನ.

ಚಾಮರಸನಿಗಿಂತ ಸುಮಾರು ಎರಡು ಶತಮಾನ ಮೊದಲಿನವನು ಹಂಪೆಯ ಹರಿಹರ. ಅವನ ಪ್ರಭುದೇವರ ರಗಳೆಯಲ್ಲಿ ಕಥೆಯ ಬಣ್ಣವೇ ಬೇರೆ. ಅಲ್ಲಿ ಅಲ್ಲಮನು ಬಳ್ಳಿಗಾವೆಯ ಮದ್ದಳೆಕಾರ. ಕಮಲತೆಯೆಂಬವಳನ್ನು ಒಲಿದು ಕೈಹಿಡಿಯುತ್ತಾನೆ. ಅವಳು ಜ್ವರ ಬಂದು ತೀರಿಕೊಳ್ಳುತ್ತಾಳೆ. ಹರಿಹರನ ಅಲ್ಲಮನು ಅವಳನ್ನು ಮಾಯೆಯೆಂದು ಬೈಯುವುದಿಲ್ಲ, ಅವಳಿಗಾಗಿ ಅಳುತ್ತಾನೆ. ಊರು ಬಿಟ್ಟು ಮರುಳನಂತೆ ಅಲೆಯುತ್ತಾನೆ. ಒಂದು ದಿನ ತೋಪಿನಲ್ಲಿ ಕುಳಿತು ದುಃಖದಲ್ಲಿ ಕಾಲ ಉಗುರಿನಿಂದ ನೆಲ ಕೆರೆಯುತ್ತಿರುವಾಗ ಮಣ್ಣೊಳಗೆ ಹೊನ್ನಿನ ಕಳಸದ ತುದಿ ಕಾಣುತ್ತದೆ. ಅಗೆಸಿದರೆ ಕೆಳಗೊಂದು ದೇಗುಲ. ಬಾಗಿಲು ಒದ್ದು ಒಳಹೊಕ್ಕರೆ ಪದ್ಮಾಸನದಲ್ಲಿ ಕುಳಿತ ಅನಿಮಿಷನೆಂಬ ಯೋಗಿ, ಅಂಗೈಯಲ್ಲಿ ಲಿಂಗ. ಆ ಲಿಂಗ ಅಲ್ಲಮನ ಕೈಗೆ ಬರುತ್ತದೆ, ಆ ಯೋಗಿಯ ಪ್ರಾಣ ಹೋಗುತ್ತದೆ.

ಈ ಪ್ರಸಂಗವನ್ನು ಓದುವಾಗ ನಾವು ಸಾಮಾನ್ಯವಾಗಿ ಕಳಸಕ್ಕೆ, ಲಿಂಗಕ್ಕೆ, ಅನಿಮಿಷನಿಗೆ ಅರ್ಥ ಹೇಳುತ್ತೇವೆ. ಅನಿಮಿಷನೆಂದರೆ ರೆಪ್ಪೆ ಮಿಟುಕಿಸದವನು, ಎಡೆಬಿಡದೆ ನೋಡುವ ನೋಟ. ಸರಿಯೇ. ಆದರೆ ನೆಲ ಕೆರೆದ ಆ ಉಗುರಿಗೆ ಯಾರೂ ಅರ್ಥ ಹೇಳುವುದಿಲ್ಲ. ಆ ಉಗುರೇ ದುಃಖ. ಹೆಂಡತಿ ಸತ್ತ ಗಂಡಸು ಸುಮ್ಮನೆ ಕುಳಿತು ನೆಲ ಕೆರೆಯುವುದನ್ನು ನೀವೂ ನಿಮ್ಮ ಊರ ಕಟ್ಟೆಯ ಮೇಲೆ ಕಂಡಿದ್ದೀರಿ. ಹುಡುಕುವ ಮನಸ್ಸು ಆಗ ಅವನಿಗಿಲ್ಲ, ಸುಮ್ಮನೆ ಕೆರೆಯುತ್ತಾನೆ. ಅಲ್ಲಿಂದಲೇ ಗುಹೆಯ ಬಾಗಿಲು ತೆರೆಯಿತೆಂದು ಹರಿಹರ ಬರೆದ. ಕಮಲತೆಯ ಮೇಲಿನ ಒಲವು ಇಲ್ಲದಿದ್ದರೆ ಆ ದುಃಖ ಇಲ್ಲ, ಆ ದುಃಖ ಇಲ್ಲದಿದ್ದರೆ ಆ ಕಳಸ ಇಲ್ಲ. ಚಾಮರಸನು ಈ ಒಲವನ್ನೂ ಈ ದುಃಖವನ್ನೂ ಬಿಟ್ಟ. ಅವನ ಅಲ್ಲಮ ಮೊದಲಿನಿಂದಲೂ ನಿರ್ಮಾಯ, ಅಳುವವನಲ್ಲ. ಪಂಡಿತರು ಯಾರದು ಹೆಚ್ಚೆಂದು ವಾದ ಮಾಡಲಿ. ಮನೆಯಲ್ಲಿ ಸಾವು ಕಂಡವರಿಗೆ ನಾವಂತೂ ಹರಿಹರನನ್ನು ಓದಿ ಹೇಳುತ್ತೇವೆ.

ಈಗ ಮದ್ದಳೆಯ ಮಾತು. ಚಾಮರಸನಲ್ಲೂ ಅಲ್ಲಮ ಮದ್ದಳೆ ಬಾರಿಸುತ್ತಾನೆ, ಬನವಾಸಿಯ ಮಧುಕೇಶ್ವರನ ಗುಡಿಯಲ್ಲಿ. ಆ ನಾದಕ್ಕೆ ಮಾಯೆ ಮನಸೋಲುತ್ತಾಳೆ, ಅದಕ್ಕೆ ಹೆಜ್ಜೆ ಹಾಕುತ್ತಾಳೆ. ಆದರೆ ಬಾರಿಸುವವನನ್ನು ಹಿಡಿಯಹೋದರೆ ಕೈಗೆ ಸಿಗುವುದಿಲ್ಲ. ಮದ್ದಳೆಯ ಒಳಗೆ ಏನಿದೆ? ಏನೂ ಇಲ್ಲ. ಒಳಗೆ ಟೊಳ್ಳಿರುವುದರಿಂದಲೇ ನಾದ. ಹತ್ತಿಯನ್ನೋ ಜೋಳವನ್ನೋ ತುಂಬಿದರೆ ಮದ್ದಳೆ ಚೀಲವಾದೀತು. ಗೋರಕ್ಷನ ಪ್ರಸಂಗವೂ ಇದೇ ಸಾಲಿನದು. ಗೋರಕ್ಷನದು ವಜ್ರಕಾಯ, ಖಡ್ಗದಿಂದ ಹೊಡೆದರೆ ಖಣಿಲೆಂದು ಸಪ್ಪಳವಾಗುತ್ತದೆಯೇ ಹೊರತು ಕೂದಲೂ ಕೊಂಕುವುದಿಲ್ಲ. ಅವನಿಗೆ ಅದೇ ಹೆಮ್ಮೆ. ಪ್ರಭುವಿನ ಮೈಗೆ ಬೀಸಿದರೆ ಖಡ್ಗ ಗಾಳಿಯಲ್ಲಿ ಹಾಯ್ದಂತೆ ಹಾಯ್ದು ಹೋಗುತ್ತದೆ, ಸಪ್ಪಳವೇ ಇಲ್ಲ. ಗಟ್ಟಿಯಾಗುವುದು ಒಂದು ಸಾಧನೆ, ಬಯಲಾಗುವುದು ಅದರಾಚೆಯದು.

ಮತ್ತೆ ಗೂಗಲ್ಲಿನ ಗವಿಗೆ ಬನ್ನಿರಿ. ಗವಿಯೆಂದರೆ ಯಾವುದು? ಸುತ್ತಲಿನ ಕಲ್ಲೆ? ಕಲ್ಲು ಗುಡ್ಡದ ತುಂಬ ಇದೆ, ಅದಕ್ಕೆಲ್ಲ ಯಾರೂ ಗವಿಯೆನ್ನುವುದಿಲ್ಲ. ಕಲ್ಲಿನ ನಡುವೆ ಕಲ್ಲಿಲ್ಲದ ಒಂದಿಷ್ಟು ಜಾಗವಿದೆಯಲ್ಲ, ಮನುಷ್ಯನೊಬ್ಬ ಕೂತುಕೊಳ್ಳುವಷ್ಟು ಬಯಲು, ಅದೇ ಗವಿ. ಕಲ್ಲು ಬೇಡವೆಂದರೆ ಗವಿಯೂ ಇಲ್ಲ. ಬರಿ ಕಲ್ಲನ್ನೇ ಮುಟ್ಟಿ ಬಂದರೆ ಗವಿಯನ್ನು ನೋಡಿದಂತೆಯೂ ಅಲ್ಲ. ಮೊದಲು ಹೇಳಿದ ಎರಡು ಪಂಗಡದವರೂ ಅರ್ಧ ದಾರಿಗೆ ನಿಂತರೆಂದದ್ದು ಇದಕ್ಕೇ. ಶ್ರೀಶೈಲದ ಕದಳಿಯೂ ಹೀಗೆಯೇ. ಅದು ಕಾಲಿನಿಂದ ನಡೆದು ಹೋಗಬಹುದಾದ ಕಾಡು. ಆದರೆ ಅಕ್ಕನ ವಚನದಲ್ಲಿ ಆ ಕದಳಿಯೇ ತನು, ಮನ, ವಿಷಯ ಎಲ್ಲವೂ ಆಗಿ ನಿಲ್ಲುತ್ತದೆ. ಅಕ್ಕ ನಿಜವಾದ ಕಾಡಿಗೂ ಹೋದಳು, ಒಳಗಿನ ಕಾಡನ್ನೂ ಗೆದ್ದಳು. ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಬಿಡಲಾಗದು.

ಪ್ರಭುದೇವರ ಬೆಡಗಿನ ವಚನಗಳನ್ನು ಓದಿದವರಿಗೆ ಇದರ ಕಷ್ಟ ಗೊತ್ತು. ಮೇಲೆ ನೋಡಿದರೆ ಆಗದ ಹೋಗದ ಮಾತು, ಒಳಗೆ ಬೇರೆಯೇ ಲೆಕ್ಕ. ಹಿಂದಿನ ವಿರಕ್ತರು ಇವಕ್ಕೆ ಟೀಕು ಬರೆದಿಟ್ಟರು. ಈ ಪ್ರಾಣಿಯೆಂದರೆ ಈ ತತ್ತ್ವ, ಈ ಮರವೆಂದರೆ ಈ ಅಂಗವೆಂದು ಒಂದೊಂದಕ್ಕೂ ಒಂದೊಂದು ಅರ್ಥ. ಆ ಉಪಕಾರ ದೊಡ್ಡದು. ಟೀಕುಗಳು ಇಲ್ಲದಿದ್ದರೆ ಎಷ್ಟೋ ವಚನಗಳ ಬಾಗಿಲು ನಮಗೆ ಮುಚ್ಚಿಯೇ ಇರುತ್ತಿತ್ತು. ಆದರೆ ಟೀಕನ್ನು ಗುಣಾಕಾರದ ಮಗ್ಗಿಯಂತೆ ಬಾಯಿಪಾಠ ಮಾಡಿ ಒಪ್ಪಿಸುವವರಿಗೆ ವಚನ ಕಾಣಿಸುವುದಿಲ್ಲ, ಮಗ್ಗಿ ಮಾತ್ರ ಕಾಣಿಸುತ್ತದೆ. ನಮ್ಮ ಹೆಣ್ಣುಮಕ್ಕಳು ಒಡಪು ಹೇಳುವುದಿಲ್ಲವೆ, ಮುದುಕರು ಮಕ್ಕಳಿಗೆ ಒಗಟು ಹಾಕುವುದಿಲ್ಲವೆ? ಒಗಟಿನ ಉತ್ತರ ಸಿಕ್ಕ ಮೇಲೂ ಮಕ್ಕಳು ಅದೇ ಒಗಟನ್ನು ಮತ್ತೆ ಹಾಕೆನ್ನುತ್ತಾರೆ. ಉತ್ತರಕ್ಕಿಂತ ಹೆಚ್ಚಿನದೇನೋ ಅದರಲ್ಲಿದೆ.

ಇದನ್ನು ಚೆನ್ನಾಗಿ ಬಲ್ಲವರು ನಮ್ಮ ಭಜನೆಯ ಮಂದಿ. ಕಡಕೋಳ ಮಡಿವಾಳಪ್ಪನವರ ತತ್ತ್ವಪದಗಳನ್ನು ಏಕತಾರಿ ಹಿಡಿದು ರಾತ್ರಿಯಿಡೀ ಹಾಡುವ ಮುದುಕರು ರಾಯಚೂರು, ಕಲಬುರಗಿ ಕಡೆ ಇಂದಿಗೂ ಇದ್ದಾರೆ. ಅವರಲ್ಲಿ ಎಷ್ಟೋ ಜನಕ್ಕೆ ಅಕ್ಷರ ಬಾರದು. ಶಿಶುನಾಳ ಶರೀಫ ಸಾಹೇಬರ ಮಾಳಿಗೆ ಸೋರುವ ಪದವನ್ನೇ ತೆಗೆದುಕೊಳ್ಳಿರಿ. ಮನೆಯೆಂದರೆ ದೇಹ, ಸೋರುವುದೆಂದರೆ ಅಜ್ಞಾನ ಎಂದು ನಾವು ಅರ್ಥ ಹೇಳಿ ಮುಗಿಸುತ್ತೇವೆ. ಮಳೆಗಾಲದಲ್ಲಿ ಮಣ್ಣಿನ ಮಾಳಿಗೆಯ ಕೆಳಗೆ ಬೋಗುಣಿ, ಚರಿಗೆ ಇಟ್ಟು ರಾತ್ರಿ ಕಳೆದವನಿಗೆ ಆ ಅರ್ಥ ಯಾರೂ ಹೇಳಬೇಕಾಗಿಲ್ಲ. ಅವನಿಗೆ ಮೊದಲು ಮೈ ನೆನೆಯುತ್ತದೆ, ಆಮೇಲೆ ಮನಸ್ಸು.

ಅದೇ ಅರ್ಥದಲ್ಲಿ ಆ ಅಜ್ಜಿ ನಮಗಿಂತ ಒಳ್ಳೆಯ ಓದುಗಳು. ನಾವು ಮಾಯೆಯ ಅರ್ಥ ಹೇಳಿದಾಗ ಅವಳು ಅದನ್ನು ತನ್ನ ಬಾಳಿಗೆ ಹಚ್ಚಿ ನೋಡಿದಳು. ತಾಳೆ ಬೀಳಲಿಲ್ಲ. ತಾಳೆ ಬೀಳದ್ದನ್ನು ಎದ್ದು ಹೇಳಿದಳು. ಸಾವಿರ ಮಂದಿ ತಲೆಯಾಡಿಸಿ ಎದ್ದು ಹೋದದ್ದಕ್ಕಿಂತ ಅದು ಪ್ರಭುದೇವರಿಗೆ ಪ್ರಿಯವಾದೀತು. ಶೂನ್ಯಸಂಪಾದನೆಯ ತುಂಬ ಇರುವುದೂ ಅದೇ ಅಲ್ಲವೆ? ಅಲ್ಲಿ ಯಾರೂ ಯಾರ ಮಾತಿಗೂ ಸುಮ್ಮನೆ ತಲೆದೂಗುವುದಿಲ್ಲ. ಕೇಳುತ್ತಾರೆ, ಕೆಣಕುತ್ತಾರೆ, ಒರೆಗೆ ಹಚ್ಚುತ್ತಾರೆ.

ಮರುದಿನ ಸಂಜೆ ಪದ್ಯ ಹಾಡುವ ಮೊದಲೇ ನಾವು ಹೇಳಿದೆವು: ನಿನ್ನೆ ಹೇಳಿದ ಅರ್ಥ ತಪ್ಪು. ಹೆಂಗಸರನ್ನು ಕುರಿತು ಆಡಿದ ಮಾತಂತೂ ಇನ್ನೂ ತಪ್ಪು. ಮಾಯೆ ಮಮಕಾರನ ಮಗಳು. ಅವಳೂ ಅಕ್ಕಮಹಾದೇವಿಯೂ ಒಬ್ಬಳೇ ದೇವಿಯ ಕಳೆಗಳು. ಗಂಡಸರ ಸಾಲಿನಲ್ಲಿ ಆ ದಿನ ನಗೆ ಏಳಲಿಲ್ಲ, ಒಂದಿಬ್ಬರು ಬೇಸರದಿಂದ ಎದ್ದೂ ಹೋದರು. ಸೆರೆ ಅಂಗಡಿಗೆ ಹೋಗಿರಲಿಕ್ಕಿಲ್ಲವೆಂದುಕೊಳ್ಳೋಣ. ಕಂಬದ ಹತ್ತಿರ ಕೂತ ಅಜ್ಜಿ ಅಲ್ಲಿಂದಲೇ ಕೇಳಿದಳು:

'ಅವ್ರಪ್ಪನ ಹೆಸ್ರು ಏನಂದ್ರಿ ಯಪ್ಪಾ?'

'ಮಮಕಾರ, ಅವಾ. ನಂದು ನಂದು ಅನ್ನೋದು.'

'ಹೌದ್ರಿ, ಗೊತ್ತೈತಿ. ನಮ್ ಓಣ್ಯಾಗ ಬಾಳ ಮಂದಿ ಅದಾರ.'

ಈಗ ನಗೆ ಎದ್ದದ್ದು ಹೆಂಗಸರ ಸಾಲಿನಿಂದ. ನಾವೂ ನಕ್ಕೆವು. ಪುರಾಣ ಮುಗಿದ ಮೇಲೆ ಅವಳು ಮುಂದಿನ ಕಥೆ ಯಾವುದೆಂದು ವಿಚಾರಿಸಿದಳು. ತೋಟಗಾರ ಗೊಗ್ಗಯ್ಯನದೆಂದೆವು. 'ಹಂಗಾದ್ರ ಸಣ್ ಮಗನ್ನ ಕರಕೊಂಡು ಬರ್ತೀನ್ರಿ, ಅಂವಾ ತ್ವಾಟಾ ಮಾಡ್ತಾನ' ಎಂದಳು.

ಬಂದ. ಐವತ್ತರ ಆಸುಪಾಸಿನ ಆಳು. ನಾರಾಯಣಪುರ ಬಲದಂಡೆ ಕಾಲುವೆಯ ನೀರಿನ ಆಸರೆಯಲ್ಲಿ ಕೋರಿಗೆ ಹಿಡಿದ ತೋಟವಂತೆ. ಆ ದಿನ ಗೊಗ್ಗಯ್ಯನ ಕಥೆಯ ಜೊತೆಗೆ ತೋಟವನ್ನು ಕುರಿತ ಪ್ರಭುದೇವರ ವಚನವನ್ನೂ ಬಿಡಿಸಿ ಹೇಳಿದೆವು. ಈ ತೋಟ ಶರೀರ, ಅಗೆಯುವ ಗುದ್ದಲಿ ಮನಸ್ಸು, ಕಿತ್ತೊಗೆಯಬೇಕಾದ ಬೇರು ಭ್ರಾಂತಿ. ಬೆಳೆ ಹಾಳುಮಾಡುವ ಐದು ಎತ್ತುಗಳು ಪಂಚೇಂದ್ರಿಯಗಳು. ಅವಕ್ಕೆ ಅಡ್ಡ ಹಾಕಿದ ಬೇಲಿ ಸಮತೆ, ಸೈರಣೆ. ಹೀಗೆ ಒಂದೊಂದಾಗಿ ಹೇಳುತ್ತ ಹೋದಂತೆ ರೈತರ ಮುಖ ಅರಳಿತು. ಗುದ್ದಲಿಯೂ ಬೇಲಿಯೂ ಅವರ ಕೈಯ ವಸ್ತುಗಳೇ ಆದ್ದರಿಂದ ಬಿಡಿಸಿ ಹೇಳುವ ಕೆಲಸ ನಮಗೆ ಹಗುರವಾಯಿತು. ಅಷ್ಟರಲ್ಲಿ ಅಜ್ಜಿಯ ಮಗ ಎದ್ದು ನಿಂತ.

'ಯಪ್ಪಾ, ಎತ್ತು ಬೇಲಿ ಹೊರಗಿಂದ ಬರ್ತಾವ. ಅದಕ್ಕ ಬೇಲಿ ಹಾಕ್ತೀವಿ. ನೀವು ಹೇಳಿದ ಎತ್ತು ಈ ಶರೀರದಾಗ ಅದಾವ, ತ್ವಾಟದ ಒಳಗ. ಒಳಗಿನ ಎತ್ತಿಗೆ ಬೇಲಿ ಎಲ್ಲಿ ಹಾಕ್ಬೇಕ್ರಿ?'

ನಾವು ಹೊತ್ತಗೆ ನೋಡಿದೆವು, ಗವಾಯಿಗಳ ಮುಖ ನೋಡಿದೆವು. ಅವರು ಹಾರ್ಮೋನಿಯಂ ಮುಚ್ಚಿ ಕುಳಿತಿದ್ದರು. ಕೂಡಿದ ಮಂದಿಯೆಲ್ಲ ತಮ್ಮತಮ್ಮಲ್ಲೇ ಮಾತಿಗೆ ತೊಡಗಿದ್ದರು. ಒಬ್ಬ ಎತ್ತಿನ ಮೂಗುದಾರದ ಮಾತು ತೆಗೆದ, ಇನ್ನೊಬ್ಬ ಎತ್ತನ್ನು ಓಡಿಸುವುದೇಕೆ, ನೊಗಕ್ಕೆ ಹೂಡಬೇಕೆಂದ. ಮಂಗಳಾರತಿಯ ಹೊತ್ತು ಮೀರಿದರೂ ಆ ರಾತ್ರಿ ಯಾರೂ ಏಳಲಿಲ್ಲ.